ಉಪ್ಪು ಬದಲಾಯಿಸಿದ ರಾತ್ರಿ

ಮೈಸೂರಿನಿಂದ ಒಬ್ಬರು ಫೋನ್ ಮಾಡಿ, "ನಿಮ್ಮ ಅಪ್ಪೆಮಿಡಿ ಒತ್ತಿದ್ರೆ ಯಾವುದೋ ಜೂಜಾಟ ಬರ್ತಾ ಇದೆಯಲ್ಲಮ್ಮ" ಎಂದರು. ನಾನು ನಂಬಲಿಲ್ಲ. ಮೇ ತಿಂಗಳು, ಹೊಸ ಉಪ್ಪಿನಕಾಯಿ ಭರಣಿಯಿಂದ ಹೊರಬೀಳುವ ಹೊತ್ತು. ಕೈಯೆಲ್ಲ ಸಾಸಿವೆ ಖಾರ. ಒರೆಸಿಕೊಂಡು ಹೋಗಿ ಕಂಪ್ಯೂಟರಿನಲ್ಲಿ ನಮ್ಮ ವೆಬ್‌ಸೈಟ್ ತೆರೆದೆ. ಭರಣಿಯ ಫೋಟೊ, ಅರ್ಧ ಕೆಜಿಯ ದರ, ಕೆಳಗೆ ಎಫ್‌ಎಸ್‌ಎಸ್‌ಎಐ ನಂಬರು, ಎಲ್ಲ ಇದ್ದಲ್ಲೇ ಇತ್ತು. "ನಿಮ್ಮ ಮೊಬೈಲಿಗೇ ಏನೋ ಆಗಿರ್ಬೇಕು ನೋಡಿ" ಎಂದುಬಿಟ್ಟೆ. ಮೂರು ದಿನದಲ್ಲಿ ಇನ್ನೂ ಇಬ್ಬರಿಗೆ ಇದೇ ಉತ್ತರ ಕೊಟ್ಟೆ. ಆ ಮಾತು ನೆನಪಾದರೆ ಈಗಲೂ ನಾಚಿಕೆ.

ಸಾಗರದ ಹತ್ತಿರದ ನಮ್ಮ ಹಳ್ಳಿಯಿಂದ ಉಪ್ಪಿನಕಾಯಿ, ತೊಡೆದೇವು ಕಳಿಸುವ ಈ ಸಣ್ಣ ವ್ಯವಹಾರಕ್ಕೆ 2019ರಲ್ಲಿ ವರ್ಡ್‌ಪ್ರೆಸ್‌ನಲ್ಲಿ ತಾಣ ಕಟ್ಟಿಕೊಟ್ಟವನು ಅಕ್ಕನ ಮಗ. ಆಗ ಇದ್ದದ್ದು ಐದೇ ಪ್ಲಗಿನ್. ಅವನು ಬೆಂಗಳೂರಿಗೆ ಹೋದ ಮೇಲೆ ಪಾಸ್‌ವರ್ಡ್ ನನ್ನ ಕೈಗೆ ಬಂತು. ಜಾತ್ರೆಯಲ್ಲಿ ಕೈಗೆ ದುಡ್ಡು ಸಿಕ್ಕ ಮಗುವಿನ ಹಾಗಾಯಿತು ನನ್ನ ಪಾಡು. ಉಚಿತವಾಗಿ ಸಿಗುವ ಪ್ಲಗಿನ್‌ಗಳೇ 50,000ಕ್ಕೂ ಹೆಚ್ಚು. ಒತ್ತಿದರೆ ಸಾಕು, ಒಳಗೆ ಬಂದು ಕೂರುತ್ತವೆ. ವಾಟ್ಸ್ಆ್ಯಪ್ ಗುಂಡಿಗೊಂದು, ಜಿಎಸ್‌ಟಿ ಬಿಲ್ಲಿಗೊಂದು, ಪಿನ್‌ಕೋಡ್ ನೋಡಲೊಂದು, ಫೋಟೊ ತಾನಾಗಿ ಸರಿಯುವುದಕ್ಕೊಂದು. ದೀಪಾವಳಿಗೆ ಪರದೆಯ ತುಂಬ ಹಣತೆ ಉರಿಸುವುದೂ ಒಂದಿತ್ತು. ಹಬ್ಬ ಮುಗಿದ ಮೇಲೂ ತೆಗೆಯಲಿಲ್ಲ. ಎರಡು ವರ್ಷಕ್ಕೆ 31 ಆದವು.

ಮೊದಲ ಪೆಟ್ಟು ಅದರಿಂದಲೇ ಬಿತ್ತು. ಒಂದು ದಿನ ತಾಣವಿದ್ದಲ್ಲಿ ಬರೀ ಬಿಳಿ. ಫೋನಿನಲ್ಲಿ ಅಕ್ಕನ ಮಗ ಹೇಳಿದಂತೆ ಹೋಸ್ಟಿಂಗ್‌ನವರ ಸಿಪ್ಯಾನೆಲ್ ತೆರೆದು ಎರರ್ ಲಾಗ್ ಓದಿದೆ: 134217728 ಬೈಟ್ ಮೆಮೊರಿ ಮುಗಿದಿದೆ ಎಂದಿತ್ತು. ಅಂದರೆ 128 ಎಂಬಿ. ಅಷ್ಟು ಜಾಗದಲ್ಲಿ 31 ಜನ ಒಟ್ಟಿಗೇ ಎಲೆ ಹಾಕಿಕೊಂಡು ಕೂತಿದ್ದರು. ಪ್ಲಗಿನ್‌ಗಳ ಫೋಲ್ಡರಿನ ಹೆಸರು ಬದಲಾಯಿಸಿದರೆ ಎಲ್ಲವೂ ಒಮ್ಮೆಗೇ ಕೆಲಸ ನಿಲ್ಲಿಸುತ್ತವೆ, ಆಮೇಲೆ ಒಂದೊಂದಾಗಿ ಎಬ್ಬಿಸುತ್ತ ಹೋದರೆ ಕಳ್ಳ ಸಿಕ್ಕುತ್ತಾನೆ. ಸಿಕ್ಕಿದ್ದು ಹಣತೆ! ಇಂಥ ಹೊತ್ತಿನಲ್ಲಿ ಯಾವ ಪ್ಲಗಿನ್ ಕೆಟ್ಟಿದೆ ಎಂದು ವರ್ಡ್‌ಪ್ರೆಸ್ ತಾನಾಗಿಯೇ ಮೇಲ್ ಕಳಿಸುತ್ತದೆ. ಅದು ಬೆಳಿಗ್ಗೆಯಿಂದ ನನ್ನ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು.

ಅಷ್ಟಕ್ಕೇ ಬುದ್ಧಿ ಬರಬೇಕಿತ್ತು.

ಊರೂರಿಗೆ ತೂಕದ ಮೇಲೆ ಕೊರಿಯರ್ ಖರ್ಚು ಲೆಕ್ಕ ಹಾಕುವ ಪ್ಲಗಿನ್ ಒಂದು ಬೇಕಿತ್ತು. ವರ್ಷಕ್ಕೆ ಆರು ಸಾವಿರದ ಮೇಲೆ ಕೇಳಿದರು. ಆರು ಸಾವಿರ ಎಂದರೆ ಎಷ್ಟು ಬಾಟಲಿ ಎಂದೇ ನನ್ನ ತಲೆ ಓಡುವುದು. ಮನೆ ತಿಂಡಿ ಮಾರುವವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದೆ, ಯಾರೋ ಅದೇ ಪ್ಲಗಿನ್ನಿನ ಜಿಪ್ ಫೈಲನ್ನು ಪುಕ್ಕಟೆ ಕಳಿಸಿದರು. ಇಂಥದ್ದಕ್ಕೆ 'ನಲ್ಡ್' ಎನ್ನುತ್ತಾರೆಂದು ಆಮೇಲೆ ತಿಳಿಯಿತು. ವರ್ಡ್‌ಪ್ರೆಸ್ ಪ್ಲಗಿನ್‌ಗಳು ಸಾಮಾನ್ಯವಾಗಿ ಜಿಪಿಎಲ್ ಪರವಾನಗಿಯಲ್ಲಿರುವುದರಿಂದ ಪ್ರತಿ ಮಾಡಿ ಹಂಚುವುದೇ ತಪ್ಪಲ್ಲವಂತೆ. ಹಂಚುವವನು ನಡುವೆ ಏನು ತುರುಕಿದ್ದಾನೆ ಎನ್ನುವುದೇ ಪ್ರಶ್ನೆ. ಪ್ಲಗಿನ್ನಿಗೆ ಜಗಲಿಯಲ್ಲಿ ಬೇರೆ ಕೋಣೆ ಇರುವುದಿಲ್ಲ. ಒಳಗೆ ಬಿಟ್ಟುಕೊಂಡರೆ ದೇವರ ಮನೆಯ ಕೀಲಿಯೂ ಅದರ ಕೈಯಲ್ಲೇ. ಕೊರಿಯರ್ ಲೆಕ್ಕ ಹಾಕುವುದಕ್ಕೆ ಬಂದದ್ದು ಗಿರಾಕಿಗಳ ಪಟ್ಟಿಯನ್ನೂ ಓದಬಲ್ಲದು.

ಲೆಕ್ಕವನ್ನೇನೋ ಸರಿಯಾಗಿಯೇ ಹಾಕುತ್ತಿತ್ತು. ಒಂದು ತಿಂಗಳು ನಾನೇ ನನ್ನ ಜಾಣತನಕ್ಕೆ ಬೀಗಿದೆ.

ಮೈಸೂರಿನವರ ಫೋನ್ ಬಂದದ್ದು ಆಮೇಲೆ. ಮಗ ಅಲ್ಲಿಂದಲೇ ನೋಡಿ ಹೇಳಿದ: "ಚಿಕ್ಕಮ್ಮ, ಗೂಗಲ್‌ನಲ್ಲಿ ಹುಡುಕಿ ಮೊಬೈಲಿಂದ ಬಂದವ್ರನ್ನ ಮಾತ್ರ ಅದು ಜೂಜಿಗೆ ಎಳೀತದೆ. ಲಾಗಿನ್ ಆಗಿರೋ ನಿಮಗೆ ಏನೂ ತೋರ್ಸಲ್ಲ." ಮನೆಯ ಯಜಮಾನಿಗೊಬ್ಬಳಿಗೆ ಕಾಣದ ಹಾಗೆ ಮನೆಯಲ್ಲಿ ಕಳ್ಳ!

ಪ್ಲಗಿನ್ ಅಳಿಸಿದೆ. ಮರುದಿನ ಅದೇ ಕಥೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿದಾಗ ಮೇಲಿನ ಪದರ ತೆಗೆದು ನೆಮ್ಮದಿಯಾಗಿರುತ್ತಾರಲ್ಲ, ಹಾಗೆ. ಮಿಡಿಗಳ ಫೋಟೊ ಇಟ್ಟಿದ್ದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲುಗಳು ಕೂತಿದ್ದವು, ಬಳಕೆದಾರರ ಪಟ್ಟಿಯಲ್ಲಿ ನಾನು ಸೇರಿಸದ ಒಬ್ಬ ಅಡ್ಮಿನ್ ಇದ್ದ. ಹಳೆಯ ಬ್ಯಾಕಪ್ ಹಾಕೋಣವೆಂದರೆ ಹೋಸ್ಟಿಂಗ್‌ನಲ್ಲಿ ಉಳಿದದ್ದು ಏಳು ದಿನದ್ದು. ರೋಗಕ್ಕೆ ಆಗಲೇ ತಿಂಗಳು ತುಂಬಿತ್ತು. ಅಷ್ಟರಲ್ಲಿ ಗೂಗಲ್ ಕೂಡ ಇದು ಅಪಾಯಕಾರಿ ತಾಣ ಎಂದು ಕೆಂಪು ಪರದೆ ಎಳೆಯಿತು.

ಮಗ ಊರಿಗೆ ಬಂದು ಎರಡು ರಾತ್ರಿ ಕೂತ. ಹೊರಗೆ ಮುಂಗಾರಿಗೆ ಮುಂಚಿನ ಗುಡುಗು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಎಲ್ಲ ಅಳಿಸಿ, ವರ್ಡ್‌ಪ್ರೆಸ್ ಹೊಸದಾಗಿ ಹಾಕಿ, ಬರಹ ಫೋಟೊಗಳನ್ನಷ್ಟೇ ಜಾಲಿಸಿ ಒಳಗೆ ತಂದೆವು. ಕೊನೆಗೆ ಅವನು ಆಕಳಿಸುತ್ತ, "ಇನ್ನು ಸಾಲ್ಟ್ ಬದಲಾಯಿಸಿದ್ರೆ ಮುಗೀತು" ಎಂದ. ಯಾವ ಉಪ್ಪು ಮಾರಾಯ ಎಂದೆ. ಕಾನ್ಫಿಗ್ ಫೈಲಿನಲ್ಲಿ ಎಂಟು ಸಾಲು ಗುಪ್ತಾಕ್ಷರ ಇರುತ್ತವೆ, ಅವುಗಳಲ್ಲಿ ನಾಲ್ಕಕ್ಕೆ ಸಾಲ್ಟ್ ಎಂದೇ ಹೆಸರು. ಬದಲಾಯಿಸಿದರೆ ಒಳಗಿದ್ದವರೆಲ್ಲ, ಕಳ್ಳನೂ ಸೇರಿ, ಹೊರಬೀಳುತ್ತಾರೆ. ಉಪ್ಪು ಕೆಟ್ಟರೆ ಭರಣಿ ಕೆಟ್ಟಿತು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ರಾತ್ರಿ ಎರಡು ಗಂಟೆಗೆ ಇಬ್ಬರೂ ನಕ್ಕೆವು.

ನಗು ಅಲ್ಲಿಗೇ ನಿಂತಿತು. ದುಡ್ಡು ಬೇರೆ ಗೇಟ್‌ವೇ ಮೂಲಕ ಬರುತ್ತಿದ್ದುದರಿಂದ ಕಾರ್ಡ್ ನಂಬರು ನಮ್ಮಲ್ಲಿ ಇರಲಿಲ್ಲ. ಆದರೆ 412 ಜನರ ಹೆಸರು, ವಿಳಾಸ, ಫೋನ್ ನಂಬರು ಇದ್ದವು. ಯಾರಾದರೂ ಅದನ್ನು ಹೊತ್ತೊಯ್ದರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. "ಹೇಳ್ದೆ ಇದ್ರೆ ಯಾರಿಗೆ ಗೊತ್ತಾಗ್ತದೆ" ಎಂದರು ಮನೆಯವರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆಮೇಲೆ ಎಲ್ಲರಿಗೂ ಮೆಸೇಜ್ ಕಳಿಸಿದೆ, ಐವತ್ತು ಅರವತ್ತು ಜನಕ್ಕೆ ಫೋನನ್ನೇ ಮಾಡಿದೆ. ಹುಬ್ಬಳ್ಳಿಯ ಹಿರಿಯರೊಬ್ಬರು ಹದಿನೈದು ನಿಮಿಷ ಬೈದರು. ಬೈದವರೇ ವಾಸಿ, "ಹೌದಾ, ಸರಿ" ಎಂದಷ್ಟೇ ಹೇಳಿ ಫೋನಿಟ್ಟ ಕೆಲವರು ಇಂದಿಗೂ ಉಪ್ಪಿನಕಾಯಿ ತರಿಸಿಲ್ಲ. ಆ ವರ್ಷ 60 ಕೆಜಿ ನೆಂಟರಿಗೂ ಊರಿನ ಅಂಗಡಿಗೂ ಹೋಯಿತು.

ಈಗ ಇರುವುದು ಎಂಟು ಪ್ಲಗಿನ್. ಕೊರಿಯರ್ ಲೆಕ್ಕದ್ದನ್ನು ದುಡ್ಡು ಕೊಟ್ಟೇ ತೆಗೆದುಕೊಂಡೆ. ವಾಟ್ಸ್ಆ್ಯಪ್ ಗುಂಪಿನಲ್ಲೂ ನಡೆದದ್ದನ್ನೆಲ್ಲ ಬರೆದೆ. ಒಬ್ಬರು ಕೈ ಮುಗಿದರು, ಎರಡು ದಿನದ ಮೇಲೆ ಇನ್ಯಾರೋ ಇನ್ನೊಂದು ಜಿಪ್ ಫೈಲ್ ಹಾಕಿದರು.

ಮುಂದಿನ ಮೇ ತಿಂಗಳಲ್ಲಿ ಮೈಸೂರಿನವರ ಫೋನ್ ಬಂತು. ಎರಡು ಕೆಜಿ ಅಪ್ಪೆಮಿಡಿ ಬೇಕಂತೆ. "ತಾಣ ಈಗ ಸರಿಯಾಗಿದೆ, ಅಲ್ಲೇ ಆರ್ಡರ್ ಹಾಕ್ಬಹುದು" ಎಂದೆ. "ಬೇಡಮ್ಮ, ನೀವೇ ಪುಸ್ತಕದಲ್ಲಿ ಬರ್ಕೊಳ್ಳಿ" ಎಂದರು. ಬರೆದುಕೊಂಡೆ.