ಲಿಂಕನ್ನಿನ ಕೆಂಪು ಶನಿವಾರ

ನೆಬ್ರಾಸ್ಕದ ಮೂರನೇ ದೊಡ್ಡ ಊರು ಯಾವುದು ಎಂದು ಕೇಳಿದರೆ ಅಲ್ಲಿಯ ಜನ ನಗುತ್ತಾ ಎರಡು ಉತ್ತರ ಕೊಡುತ್ತಾರೆ. ಮಾಮೂಲಿ ದಿನಗಳಲ್ಲಿ ಬೆಲ್‌ವ್ಯೂ. ಅಮೆರಿಕನ್ ಫುಟ್‌ಬಾಲ್ ಪಂದ್ಯವಿರುವ ಶನಿವಾರ ಮಾತ್ರ ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂ. ವಿಶ್ವವಿದ್ಯಾಲಯದ ಹುಡುಗರ ಆಟ ನೋಡಲು ಸುಮಾರು 85,000 ಜನ ಸೇರುತ್ತಾರೆ, 1962ರಿಂದ ಟಿಕೆಟ್ ಉಳಿದ ಪಂದ್ಯವೇ ಇಲ್ಲ ಎಂದು ಅಕ್ಕನ ಮಗ ಹೇಳಿದಾಗ ನಾನು ನಂಬಿರಲಿಲ್ಲ. ಒಮಾಹಾದಿಂದ ಹೆದ್ದಾರಿ ಹಿಡಿದ ಮೇಲೆ ನಂಬದೆ ವಿಧಿಯಿರಲಿಲ್ಲ. ಮುಂದೆ, ಹಿಂದೆ, ಪಕ್ಕದಲ್ಲಿ ಕೆಂಪು ಬಾವುಟ ಕಟ್ಟಿದ ಕಾರುಗಳು. ಎರಡೂ ಬದಿಗೆ ಕಟಾವಾದ ಮೆಕ್ಕೆಜೋಳದ ಹೊಲಗಳು, ಒಂದು ಗುಡ್ಡದ ಅಡ್ಡಿಯೂ ಇಲ್ಲದೆ ಆಕಾಶದವರೆಗೆ. ಆ ಸಮತಟ್ಟಿನ ನಡುವೆ ಒಂದು ಗೋಪುರ ಎದ್ದು ನಿಂತಿತು. ರಾಜ್ಯದ ವಿಧಾನಸಭೆಯ ಕಟ್ಟಡ, ಸುಮಾರು 120 ಮೀಟರ್ ಎತ್ತರ. ಅದರ ನೆತ್ತಿಯ ಮೇಲೆ ರಾಜನಿಲ್ಲ, ಸೇನಾಪತಿಯಿಲ್ಲ. ಬರಿಗಾಲಲ್ಲಿ ಬೀಜ ಬಿತ್ತುತ್ತಿರುವ ಒಬ್ಬ ಕಂಚಿನ ರೈತ! ಆ ಊರಿನ ಮೇಲೆ ನನಗೆ ಅಲ್ಲಿಯೇ ಪ್ರೀತಿ ಹುಟ್ಟಿತು.

ಸ್ಟೇಡಿಯಮ್ಮಿನ ಪಕ್ಕದಲ್ಲಿ ಹೇಮಾರ್ಕೆಟ್ ಎಂಬ ಹಳೆಯ ಇಟ್ಟಿಗೆ ಗೋದಾಮುಗಳ ಪೇಟೆ. ಅದರಾಚೆಯ ಕಾರು ನಿಲ್ದಾಣದಲ್ಲಿ ಬೆಳಿಗ್ಗೆ ಎಂಟಕ್ಕೇ ಒಲೆ ಉರಿಯುತ್ತಿತ್ತು. ಪಂದ್ಯಕ್ಕೆ ಮೊದಲು ಗಾಡಿಯ ಹಿಂಬದಿ ತೆರೆದು ಅಡುಗೆ ಮಾಡಿ, ಗುರುತಿದ್ದವರಿಗೂ ಇಲ್ಲದವರಿಗೂ ಬಡಿಸುವ ಈ ಪದ್ಧತಿಗೆ ಟೇಲ್‌ಗೇಟಿಂಗ್ ಎನ್ನುತ್ತಾರೆ. ಎಲೆಕೋಸು, ಈರುಳ್ಳಿ, ದನದ ಮಾಂಸ ತುಂಬಿ ಬೇಯಿಸಿದ ರನ್‌ಜಾ ಎಂಬ ಬ್ರೆಡ್ಡು ಇಲ್ಲಿಯ ಹೆಮ್ಮೆ. ರಷ್ಯಾದಿಂದ ವಲಸೆ ಬಂದ ಜರ್ಮನ್ ಕುಟುಂಬಗಳು ತಂದದ್ದಂತೆ. ಮಾಂಸ ತಿನ್ನದ ನನಗೆ ಸುಟ್ಟ ಜೋಳ ಕೊಟ್ಟರು. ಒಂದು ತೆನೆ ಮುಗಿಯುವ ಮೊದಲೇ ಇನ್ನೊಂದು ಕೈಗೆ ಬಂತು.

ನಾವು ಹೋದ ಗುಂಪಿನಲ್ಲಿ ಜಗಳ ಆಗಲೇ ಶುರುವಾಗಿತ್ತು. ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲೇ ಎಲ್ಲರಿಗಿಂತ ಶ್ರೇಷ್ಠ ಡಿಫೆನ್ಸಿವ್ ಲೈನ್‌ಮನ್, ಅಂದರೆ ಎದುರಾಳಿಯನ್ನು ತಡೆಯುವ ಮುಂಸಾಲಿನವನು, ಯಾರು? ಕೆಂಪು ಪಟ್ಟೆಯ ಓವರಾಲ್ ತೊಟ್ಟ ನಿವೃತ್ತ ರೈತಜ್ಜ ಒಂದು ಕಡೆ, ಅವರ ಮಗಳು ಇನ್ನೊಂದು ಕಡೆ. ನಡುವೆ ಓಕ್ಲಹೋಮದಿಂದ ಬಂದ ಅಳಿಯ, ಮಿನೆಸೋಟದ ಒಬ್ಬ ನೆಂಟ. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಕ್ಕನ ಮಗ ಕಿವಿಯಲ್ಲಿ ಹೇಳಿದ: "ಕಬಡ್ಡೀಲಿ ರೈಡ್ ಹೋಗೋನ ಹೆಸರು ಎಲ್ರಿಗೂ ಗೊತ್ತಿರತ್ತೆ ಚಿಕ್ಕಮ್ಮ. ಮೊದಲು ಕಾಲಿಗೆ ಬಿದ್ದು ಹಿಡಿದೋನು ಯಾರು ಅಂತ ಎಷ್ಟು ಜನ ನೆನಪಿಟ್ಕೋತಾರೆ? ಇವ್ರೆಲ್ಲ ಕಾಲು ಹಿಡಿದವರ ಕಡೆಯೋರು."

ಅಜ್ಜನ ಆಯ್ಕೆ ರಿಚ್ ಗ್ಲೋವರ್. ನ್ಯೂಜೆರ್ಸಿಯಿಂದ ಈ ಹೊಲಗಳ ನಾಡಿಗೆ ಬಂದ ಕರಿಯ ಹುಡುಗ, ಅಂಗಿಯ ಸಂಖ್ಯೆ 79. ತೂಕ ಸುಮಾರು 105 ಕಿಲೊ, ಇವತ್ತಿನ ಲೈನಿನಲ್ಲಿ ನಿಲ್ಲಿಸಿದರೆ ಮಕ್ಕಳ ಸಾಲಿನವನಂತೆ ಕಂಡಾನು. ಅವನು ನಿಲ್ಲುತ್ತಿದ್ದದ್ದು ಚೆಂಡಿನ ನೇರ ಎದುರಿಗೆ, ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಎದುರಾಳಿ ಸೆಂಟರ್‌ನ ಮೂಗಿಗೆ ಮೂಗು ಕೊಟ್ಟು. 1971ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಓಕ್ಲಹೋಮದ ನಾರ್ಮನ್ ಊರಿನಲ್ಲಿ ದೇಶದ ಮೊದಲೆರಡು ತಂಡಗಳು ಎದುರುಬದುರಾದವು. ನೆಬ್ರಾಸ್ಕ 35, ಓಕ್ಲಹೋಮ 31. ಶತಮಾನದ ಪಂದ್ಯ ಎಂದೇ ಅದಕ್ಕೆ ಹೆಸರು. ನೆಬ್ರಾಸ್ಕದ ಜಾನಿ ರಾಜರ್ಸ್ 72 ಗಜ ಓಡಿ ಮುಟ್ಟಿಸಿದ ಚೆಂಡನ್ನು ಎಲ್ಲರೂ ನೆನೆಯುತ್ತಾರೆ. ಅಜ್ಜ ನೆನೆಯುವುದು ಅದೇ ದಿನ ಗ್ಲೋವರ್ ಮಾಡಿದ 22 ಟ್ಯಾಕಲ್‌ಗಳನ್ನು, ಅಂದರೆ ಚೆಂಡು ಹಿಡಿದವನನ್ನು ಅಷ್ಟು ಸಲ ಹಿಡಿದು ಕೆಡವಿದ್ದನ್ನು. ಎದುರಿಗಿದ್ದ ಸೆಂಟರ್ ಆಲ್-ಅಮೆರಿಕನ್, ಅಂದರೆ ದೇಶದ ಶ್ರೇಷ್ಠರ ಪಟ್ಟಿಗೆ ಆಯ್ಕೆಯಾದ ಆಟಗಾರ. ಓಕ್ಲಹೋಮದ ಮಿಂಚು ಗ್ರೆಗ್ ಪ್ರೂಯಿಟ್‌ಗೆ ಇಡೀ ದಿನ ಸಿಕ್ಕಿದ್ದು 53 ಗಜ ಮಾತ್ರ.

"ಮರುವರ್ಷ ಏನಾಯಿತು ಗೊತ್ತೇ?" ಎಂದು ಅಜ್ಜ ನನ್ನ ಕಡೆ ತಿರುಗಿದರು. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯ ಮತ ಎಣಿಕೆಯಲ್ಲಿ ರಾಜರ್ಸ್ ಮೊದಲು, ಪ್ರೂಯಿಟ್ ಎರಡನೆಯವನು, ಗ್ಲೋವರ್ ಮೂರನೆಯವನು. ಯಾರನ್ನು ಹಿಡಿದು ನಿಲ್ಲಿಸಿದ್ದನೋ ಅವನ ಹಿಂದೆ ಒಂದು ಮೆಟ್ಟಿಲು.

ಮಗಳು ಬಿಡುತ್ತಾಳೆಯೇ? ಆಕೆಯ ದೇವರು ಎಂಡಾಮುಕಾಂಗ್ ಸೂ. ತಂದೆ ಕ್ಯಾಮರೂನಿನವರು, ತಾಯಿ ಜಮೈಕದವರು, ಹುಡುಗ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನವನು, ತೂಕ 136 ಕಿಲೊ. ಇಲ್ಲಿಯೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. 2009ರ ಡಿಸೆಂಬರಿನಲ್ಲಿ ಟೆಕ್ಸಸ್ ವಿರುದ್ಧ ನಡೆದ, ಬಿಗ್ 12 ಎಂಬ ಕಾಲೇಜು ಲೀಗಿನ ಫೈನಲ್‌ನಲ್ಲಿ ಅವನು ಮಾಡಿದ್ದು 12 ಟ್ಯಾಕಲ್, ನಾಲ್ಕೂವರೆ ಸ್ಯಾಕ್. ಸ್ಯಾಕ್ ಎಂದರೆ ಚೆಂಡು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ ನೆಲಕ್ಕೆ ಕೆಡವುವುದು. ಅರ್ಧ ಏಕೆ? ಇಬ್ಬರು ಸೇರಿ ಕೆಡವಿದರೆ ಹಂಚಿಕೊಳ್ಳಬೇಕು. ಟೆಕ್ಸಸ್‌ನ ಕೋಲ್ಟ್ ಮೆಕಾಯ್ ಆ ರಾತ್ರಿ ಅವನ ಕೈಗೆ ಸಿಕ್ಕು ಚಿಂದಿಯಾದ. ಆದರೂ ಗಡಿಯಾರ ಸೊನ್ನೆ ಮುಟ್ಟಿದ ಮೇಲೆ ರೆಫರಿಗಳು ಒಂದೇ ಒಂದು ಸೆಕೆಂಡ್ ಮರಳಿ ಕೊಟ್ಟರು. ಟೆಕ್ಸಸ್ 46 ಗಜದಿಂದ ಒದ್ದು 13–12ರಲ್ಲಿ ಗೆದ್ದಿತು. ಆ ಒಂದು ಸೆಕೆಂಡಿನ ಮಾತೆತ್ತಿದಾಗ ಸುತ್ತಲಿನ ಗಾಡಿಗಳವರೂ ತಲೆ ಎತ್ತಿ ಏನೋ ಗೊಣಗಿದರು. ಇಷ್ಟು ವರ್ಷ ಆರದ ಸಿಟ್ಟು!

ಆ ಸಲದ ಹೈಸ್ಮನ್ ಎಣಿಕೆಯಲ್ಲಿ ಮೆಕಾಯ್ ಮೂರನೆಯವನು, ಸೂ ನಾಲ್ಕನೆಯವನು. ನಾನು ಜೋಳ ಕೆಳಗಿಟ್ಟೆ. 37 ವರ್ಷಗಳ ಅಂತರದಲ್ಲಿ ಒಂದೇ ಕಾಲೇಜಿನ ಇಬ್ಬರಿಗೆ ಒಂದೇ ಗತಿ. ತಂದೆಯೂ ಮಗಳೂ ಇದೊಂದೇ ಅನ್ಯಾಯಕ್ಕಾಗಿ ಜಗಳವಾಡುತ್ತಿದ್ದಾರೆ, ಆದರೆ ಪರಸ್ಪರರ ಎದುರಿಗೆ. 1949ರ ಲಿಯಾನ್ ಹಾರ್ಟ್‌ನ ನಂತರ ಲೈನಿನವರಿಗೆ ಆ ಟ್ರೋಫಿ ದಕ್ಕಿದ್ದಿಲ್ಲ. ಅವನೂ ತುದಿಯಲ್ಲಿ ನಿಂತು ಪಾಸ್ ಹಿಡಿಯುತ್ತಿದ್ದವನೇ.

ಓಕ್ಲಹೋಮದ ಅಳಿಯ ಅಷ್ಟರಲ್ಲಿ ಲೀ ರಾಯ್ ಸೆಲ್ಮನ್ ಹೆಸರು ತಂದ. ಯುಫಾಲ ಎಂಬ ಸಣ್ಣ ಊರಿನ ರೈತ ಕುಟುಂಬದ ಒಂಬತ್ತು ಮಕ್ಕಳಲ್ಲಿ ಕಿರಿಯವನು. 1973ರಲ್ಲಿ ಅಣ್ಣಂದಿರಾದ ಲೂಶಿಯಸ್, ಡೂಯಿ, ಜೊತೆಗೆ ಇವನು, ಮೂವರೂ ಒಂದೇ ಲೈನಿನಲ್ಲಿ. ಒಂದು ಮನೆಯ ಮೂವರನ್ನು ದಾಟಿ ಚೆಂಡು ಒಯ್ಯಬೇಕಾದ ಎದುರಾಳಿಯ ಪಾಡು ಊಹಿಸಿ! 1975ರಲ್ಲಿ ಮುಖ್ಯವಾಗಿ ಲೈನಿನವರಿಗೆ ಕೊಡುತ್ತಿದ್ದ ಔಟ್‌ಲ್ಯಾಂಡ್, ಲೊಂಬಾರ್ಡಿ ಎರಡೂ ಪ್ರಶಸ್ತಿ ಅವನಿಗೇ. ಮಿನೆಸೋಟದ ನೆಂಟ ಇವರೆಲ್ಲರನ್ನೂ ಕೈಬೀಸಿ ತಳ್ಳಿ 1929ಕ್ಕೆ ಹೋದರು. ಬ್ರಾಂಕೊ ನಗುರ್‌ಸ್ಕಿ ಆ ವರ್ಷ ಲೈನಿನಲ್ಲಿ ಟ್ಯಾಕಲ್ ಎಂಬ ಸ್ಥಾನಕ್ಕೂ ಚೆಂಡು ಹಿಡಿದು ಓಡುವ ಫುಲ್‌ಬ್ಯಾಕ್ ಸ್ಥಾನಕ್ಕೂ ಆಲ್-ಅಮೆರಿಕನ್ ಎನಿಸಿಕೊಂಡವನು. ಆಗ ಹನ್ನೊಂದು ಜನ ಆಕ್ರಮಣಕ್ಕೂ ರಕ್ಷಣೆಗೂ ಅವರೇ. ಈಗಿನಂತೆ ಎರಡು ಬೇರೆ ಪಡೆ ಇಳಿಸುವ ಸ್ವಾತಂತ್ರ್ಯ ಬಂದು, ಹೋಗಿ, ಮತ್ತೆ ಗಟ್ಟಿಯಾಗಿ ನಿಂತದ್ದು 1960ರ ದಶಕದಲ್ಲಿ. ಮೂಲೆಯಿಂದ ಯಾರೋ 1966ರ ಮಿಷಿಗನ್ ಸ್ಟೇಟ್–ನಾಟರ್ ಡೇಮ್ ಪಂದ್ಯ ನೆನಪಿಸಿದರು. ಒಂದು ಕಡೆ ಬಬ್ಬಾ ಸ್ಮಿತ್, ಇನ್ನೊಂದು ಕಡೆ ಮುಂದೆ ಮಿನೆಸೋಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಆಲನ್ ಪೇಜ್. ಫಲಿತಾಂಶ 10–10. ಅಲ್ಲೂ ತೀರ್ಮಾನ ಇಲ್ಲ.

ಲೆಕ್ಕ ತೆಗೆದರೆ ಮುಗಿಯಿತಲ್ಲ ಎಂದು ನನ್ನ ಬ್ಯಾಂಕ್ ಬುದ್ಧಿ ಕೇಳಿತು. ಲೆಕ್ಕವೇ ಇಲ್ಲ! ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಟ್ಯಾಕಲ್, ಸ್ಯಾಕ್‌ಗಳನ್ನು ಅಧಿಕೃತವಾಗಿ ಬರೆದಿಡಲು ಆರಂಭಿಸಿದ್ದು 2000ದಲ್ಲಿ. ಓಡಿದ ಪ್ರತಿ ಗಜಕ್ಕೂ ದಶಕಗಟ್ಟಲೆ ದಾಖಲೆಯಿದೆ, ತಡೆದ ಗಜಕ್ಕೆ ಇಲ್ಲ. ಹಾಗಾಗಿ ಒಂದು ಋತುವಿನ ಅಧಿಕೃತ ಸ್ಯಾಕ್ ದಾಖಲೆ ಅರಿಜೋನ ಸ್ಟೇಟ್‌ನ ಟೆರೆಲ್ ಸಗ್ಸ್ 2002ರಲ್ಲಿ ಮಾಡಿದ 24. ಅಲಬಾಮಾದ ಡೆರಿಕ್ ಥಾಮಸ್ 1988ರಲ್ಲೇ 27 ಮಾಡಿದ್ದ. ಲೈನಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಆತ, ಆ ಮಾತು ಬೇರೆ. ಅವನ ಸಾಧನೆ ಪುಸ್ತಕದಲ್ಲಿಲ್ಲ, ಜನರ ಬಾಯಲ್ಲಿದೆ. ಬರೆದಿಡದ ಇಪ್ಪತ್ತೆರಡು ಟ್ಯಾಕಲ್‌ಗಳನ್ನು ಒಬ್ಬ ಜೋಳದ ರೈತ ಅರ್ಧ ಶತಮಾನ ತಲೆಯಲ್ಲಿಟ್ಟುಕೊಂಡು ಬಂದಿದ್ದಾರಲ್ಲ, ನಾನು ಬೆರಗಾದದ್ದು ಅಲ್ಲಿ.

ಒಳಗೆ ಹೋದೆವು. 1923ರಲ್ಲಿ ಕಟ್ಟಿದ ಸ್ಟೇಡಿಯಂ. ಅದರ ಮೂಲೆಗಳಲ್ಲಿ ಇಲ್ಲಿಯ ತತ್ವಶಾಸ್ತ್ರದ ಪ್ರಾಧ್ಯಾಪಕ ಹಾರ್ಟ್ಲಿ ಬರ್ ಅಲೆಕ್ಸಾಂಡರ್ ಬರೆದ ಸಾಲುಗಳನ್ನು ಕೆತ್ತಿದ್ದಾರೆ. ಗೆಲುವು ದೊಡ್ಡದಲ್ಲ, ಆಡಿದ್ದೇ ದೊಡ್ಡದು ಎಂಬರ್ಥ ಒಂದರದ್ದು. ಪಕ್ಕದಲ್ಲಿ ತಳ್ಳಿಕೊಂಡು ಹೋಗುತ್ತಿದ್ದವರ ಮುಖ ನೋಡಿದರೆ ಯಾರೂ ಅದನ್ನು ಓದಿದಂತಿರಲಿಲ್ಲ.

ತಂಡ ಸುರಂಗದಿಂದ ಹೊರಬಂದಾಗ ಎದ್ದ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯಿತು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಅಷ್ಟು ತಿಳಿದಿದ್ದ ನಾನು ಚೆಂಡನ್ನೇ ಹುಡುಕುತ್ತಾ ಸೋತೆ. "ಚೆಂಡು ನೋಡ್ಬೇಡ ಚಿಕ್ಕಮ್ಮ, ಮಧ್ಯದವನನ್ನ ನೋಡು" ಎಂದ ಅಕ್ಕನ ಮಗ.

ನೋಡಿದೆ. ಚೆಂಡು ಕದಲಿದ ಕ್ಷಣವೇ ಇಬ್ಬರು ಅವನ ಮೇಲೆ ಬಿದ್ದರು. ಅವನು ಒಬ್ಬನ ಎದೆಗೆ ಅಂಗೈ ಕೊಟ್ಟ, ಇನ್ನೊಬ್ಬನಿಗೆ ಭುಜ ಕೊಟ್ಟ, ಸೊಂಟ ತಗ್ಗಿಸಿದ. ಹಿಂದೆ ಸರಿಯಲಿಲ್ಲ, ಮುಂದೆಯೂ ಹೋಗಲಿಲ್ಲ. ಅವನಿಗೆ ಇಬ್ಬರು ಬೇಕಾದ್ದರಿಂದ ಅವನ ಹಿಂದಿದ್ದ ಗೆಳೆಯನನ್ನು ತಡೆಯಲು ಯಾರೂ ಉಳಿದಿರಲಿಲ್ಲ. ಆ ಗೆಳೆಯ ತೆರವಿನಲ್ಲಿ ನುಗ್ಗಿ ಚೆಂಡಿನವನನ್ನು ಕೆಡವಿದ. ಧ್ವನಿವರ್ಧಕ ಕೂಗಿದ್ದು ಗೆಳೆಯನ ಹೆಸರನ್ನು. ಮಧ್ಯದವನು ಎದ್ದು, ಮುಖಕವಚ ಸರಿಮಾಡಿಕೊಂಡು ಮತ್ತೆ ಬಗ್ಗಿ ನಿಂತ. ಇಡೀ ಮಧ್ಯಾಹ್ನ ಅದೇ. ಒಮ್ಮೆ ಆ ಕಣ್ಣು ಹತ್ತಿದ ಮೇಲೆ ನನಗೆ ಬೇರೇನೂ ಬೇಡವಾಯಿತು. ನೆಬ್ರಾಸ್ಕ ಯಾವಾಗ ಅಂಕ ಗಳಿಸಿತೆಂದು ಜನ ಎದ್ದು ನಿಂತಾಗ ಮಾತ್ರ ತಿಳಿಯುತ್ತಿತ್ತು.

ಪಂದ್ಯ ಮುಗಿದು ಗಾಡಿಗಳ ಬಳಿ ಬಂದಾಗ ಅಜ್ಜ ನನ್ನ ಮತ ಕೇಳಿದರು. ಗ್ಲೋವರ್ ಎಂದೆ. ಸೂಗಿಂತ ಮೂವತ್ತು ಕಿಲೊ ಕಡಿಮೆಯಿದ್ದವನು ಮೂಗಿಗೆ ಮೂಗು ಕೊಟ್ಟು ನಿಂತ ಲೆಕ್ಕ ನನಗೆ ಸಾಕು. ಮಗಳು ಒಪ್ಪಲಿಲ್ಲ. 1971ರಲ್ಲಿ ಅವನ ಎದುರಿಗಿದ್ದವರೂ ಹಗುರವೇ, ಇವತ್ತಿನ 140 ಕಿಲೊ ಗೋಡೆಗಳನ್ನು ಸೂ ಒಡೆದನಲ್ಲ ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅಜ್ಜನ ಬಳಿ ಇತ್ತು, ಆದರೆ ಅವರು ಅದನ್ನು ಹೇಳಿ ಮುಗಿಸುವ ಮೊದಲೇ ಪಕ್ಕದ ಗಾಡಿಯವನೊಬ್ಬ ತಟ್ಟೆ ಹಿಡಿದುಕೊಂಡು ಬಂದು, 1991ರ ವಾಷಿಂಗ್ಟನ್ ತಂಡದ ಸ್ಟೀವ್ ಎಮ್ಟ್‌ಮನ್‌ನನ್ನು ಎಲ್ಲರೂ ಮರೆತೇಬಿಟ್ಟಿರಲ್ಲ ಎಂದು ಕುರ್ಚಿ ಎಳೆದುಕೊಂಡ.