ಐಸ್‌ಕ್ರೀಮ್ ಡಬ್ಬವೂ ನನ್ನ ಮೆಟೀರಿಯಲ್ ಸೈನ್ಸೂ

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ರಿಲೀಸು, ಪ್ರೊಡಕ್ಷನ್ ಇಶ್ಯೂ, ಮತ್ತೆ ರಿಲೀಸು... ಇದೇ ಕಥೆ, ನಿಮಗೆಲ್ಲ ಗೊತ್ತಿದ್ದದ್ದೇ. ಇವತ್ತು ಬರೆಯುವುದಕ್ಕೆ ಕಾರಣ ನನ್ನ ರೂಮ್‌ಮೇಟ್. ಊರಿನಿಂದ ಅತ್ತೆ ಕಳಿಸಿದ ಬಾಳೆಕಾಯಿ ಚಿಪ್ಸ್ ಡಬ್ಬ ಟೇಬಲ್ ಮೇಲಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ, "ಲೋ, ಚಿಪ್ಸ್ ಡಬ್ಬದ ಮುಚ್ಚಳದ ಮೇಲೆ ಹಲಸಿನ ಹಣ್ಣಿನ ಐಸ್‌ಕ್ರೀಮ್ ಅಂತ ಯಾಕೋ ಪ್ರಿಂಟ್ ಆಗಿದೆ?"

ನಗು ಬಂತು. ಆಮೇಲೆ ಹೊಟ್ಟೆಯೊಳಗೆ ಚುರುಕ್ ಅಂತು. ಆ ಡಬ್ಬದ ಕಥೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳ್ತೇನೆ.

ನಮ್ಮ ಮಾವ (ಅಮ್ಮನ ತಮ್ಮ) ಬೆಳ್ತಂಗಡಿ ಹತ್ತಿರ ಮನೆಯ ಹಿಂದೆಯೇ ಸಣ್ಣದೊಂದು ಐಸ್‌ಕ್ರೀಮ್ ಯುನಿಟ್ ನಡೆಸ್ತಾರೆ. ಮಾವ, ಅತ್ತೆ, ಮೂರು ಜನ ಕೆಲಸದವರು, ಅಷ್ಟೆ. ನಮ್ಮ ಕಡೆ ಐಸ್‌ಕ್ರೀಮ್ ಮಾಡುವವರಿಗೆ ಕನಸು ಕಾಣ್ಲಿಕ್ಕೆ ಉದಾಹರಣೆಗಳಿಗೇನೂ ಕಮ್ಮಿ ಇಲ್ಲ. 1975ರಲ್ಲಿ ಮಂಗಳೂರಿನಲ್ಲಿ ಪ್ರಭಾಕರ ಕಾಮತರು ಶುರು ಮಾಡಿದ ಐಡಿಯಲ್ ಇದೆ. ಮೂಲ್ಕಿ ಕಡೆಯ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ತೆರೆದ ನ್ಯಾಚುರಲ್ಸ್ ಇದೆ. ಮಾವನ ಕನಸು ಅಷ್ಟು ದೊಡ್ಡದಲ್ಲ. ಮದುವೆ, ಗೃಹಪ್ರವೇಶಗಳಿಗೆ ಪೇಪರ್ ಕಪ್ಪು. ಅಂಗಡಿಗಳಿಗೆ ಅರ್ಧ ಲೀಟರಿನ ಡಬ್ಬ. ಉಜಿರೆ, ಬೆಳ್ತಂಗಡಿ ಪೇಟೆ, ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ. ಅವರ ಸಾಮ್ರಾಜ್ಯ ಅಷ್ಟೇ.

ನಾನು ಓದಿದ್ದು ಮೆಕ್ಯಾನಿಕಲ್, ಮಾಡುತ್ತಿರುವುದು ಜಾವಾ. ಫಸ್ಟ್ ಇಯರಿನ ಫೀಸು ಕಟ್ಟಿದ್ದು ಇದೇ ಮಾವ. ಇದನ್ನು ನೆನಪಿಟ್ಟುಕೊಳ್ಳಿ.

2023ರ ಫೆಬ್ರವರಿಯಲ್ಲಿ ಮಾವನ ಫೋನು. "ಡಬ್ಬ ಕೊಡುವವರು ರೇಟು ಏರಿಸಿದ್ದಾರೆ ಮಾರಾಯ. ಬೇರೆ ಎಲ್ಲಿಯಾದ್ರೂ ಸಿಗ್ತದಾ ನೋಡು. ಬೆಂಗಳೂರಲ್ಲಿದ್ದಿ, ಓದಿದವ, ನಿನಗೆ ಗೊತ್ತಾಗ್ತದೆ."

ನನಗೋ ಮಹಾ ಹುರುಪು! ಎರಡು ಶನಿವಾರ ಕೂತು ಸ್ಪ್ರೆಡ್‌ಶೀಟ್ ಮಾಡಿದೆ. ಕಾಲಂಗಳು ಹೀಗಿದ್ದವು: ಬೆಲೆ, ತೂಕ, ಆಕಾರ, ನೋಟ, ಪ್ರಿಂಟಿಂಗ್. ನನ್ನ ತರ್ಕವನ್ನೂ ಕೇಳಿ, ಪೂರ್ತಿ ಪೆದ್ದುತನವೇನೂ ಅಲ್ಲ.

ಹಳೆಯ ಡಬ್ಬ ದುಂಡಗಿತ್ತು. ದುಂಡು ಡಬ್ಬಗಳನ್ನು ಸಾಲಾಗಿ ಚೌಕದ ಜಾಗದಲ್ಲಿ ಜೋಡಿಸಿದರೆ ಜಾಗದ ಶೇಕಡಾ 78.5 ಮಾತ್ರ ತುಂಬುತ್ತದೆ (ಪೈ ಭಾಗಿಸು ನಾಲ್ಕು, ಹೈಸ್ಕೂಲ್ ಲೆಕ್ಕ). ಉಳಿದದ್ದು ಖಾಲಿ ಗಾಳಿ. ಕರೆಂಟು ಸುಟ್ಟು ಆ ಗಾಳಿಯನ್ನೂ ತಂಪು ಮಾಡಬೇಕು. ಹಾಗಾಗಿ ಚೌಕ ಡಬ್ಬ. ಎರಡನೆಯದು ನೋಟ. ಹಳೆಯದು ಹಾಲುಬಿಳಿ, ಮಂಕು. ಹೊಸದು ಗಾಜಿನ ಹಾಗೆ ಪಾರದರ್ಶಕ. ಹಲಸಿನ ತೊಳೆ, ಎಳನೀರಿನ ಗಂಜಿ ಹೊರಗಿಂದಲೇ ಕಂಡರೆ ಗಿರಾಕಿ ಬಿಡ್ತಾನಾ? ಮೂರನೆಯದು ಬೆಲೆ. ಹಳೆಯದು ಹತ್ತೂವರೆ ರೂಪಾಯಿ, ಹೊಸದು ಒಂಬತ್ತು. ಹತ್ತು ಸಾವಿರ ತಗೊಂಡರೆ ಹದಿನೈದು ಸಾವಿರ ಉಳಿತಾಯ.

ಒಂದೇ ಒಂದು ಅನುಮಾನ ಬಂದಿತ್ತು, ಪ್ಲಾಸ್ಟಿಕ್ ಯಾವುದು ಅಂತ. ತಳ ತಿರುಗಿಸಿ ನೋಡಿದೆ. ತ್ರಿಕೋನದೊಳಗೆ 5, ಅಂದರೆ ಪಾಲಿಪ್ರೊಪಿಲೀನ್. ಹಳೆಯ ಡಬ್ಬದ ತಳದಲ್ಲೂ 5. ಎರಡೂ ಒಂದೇ, ಮುಗೀತು! ಸ್ಯಾಂಪಲ್ ತರಿಸಿ ನನ್ನ ಟೇಬಲಿನಿಂದ ನೆಲಕ್ಕೆ ಬೀಳಿಸಿಯೂ ನೋಡಿದೆ. ಒಂದು ಗೀರೂ ಬೀಳಲಿಲ್ಲ. "ಓಕೆ ಮಾವ, ಆರ್ಡರ್ ಮಾಡಿ" ಅಂದೆ. ಮಾವ ತೊಂಬತ್ತು ಸಾವಿರ ಕಟ್ಟಿದರು. ಸೀಸನ್ ಶುರುವಾಗುವ ಮೊದಲಿನ ದುಡ್ಡು, ಸೊಸೈಟಿಯಲ್ಲಿ ಸಾಲ ಮಾಡಿದ್ದು. ಇದು ನನಗೆ ಆಮೇಲೆ ಗೊತ್ತಾಯ್ತು.

ಏಪ್ರಿಲ್ ಮೊದಲ ವಾರ ಹೊಸ ಡಬ್ಬದ ಮೊದಲ ಲೋಡು ಘಾಟಿ ಹತ್ತಿತು. ಸಂಜೆ ಮೂಡಿಗೆರೆಯಿಂದ ಫೋನು. ಕ್ರೇಟ್ ಇಳಿಸುವಾಗ ಸ್ವಲ್ಪ ಜೋರಾಗಿ ಇಟ್ಟರಂತೆ, ಕೆಳಗಿನ ಸಾಲಿನ ಡಬ್ಬಗಳೆಲ್ಲ ಮೂಲೆಯಲ್ಲಿ ಒಡೆದಿವೆ. ಎರಡು ದಿನ ಬಿಟ್ಟು ಉಜಿರೆಯಿಂದ ಅದೇ ದೂರು. ಮತ್ತೆ ನಮ್ಮ ಯುನಿಟ್ಟಿನಲ್ಲೇ, ಫ್ರೀಜರಿನಿಂದ ತೆಗೆಯುವಾಗ ಕೈಜಾರಿದ್ದೆಲ್ಲ ಚೂರು.

ನಾನು ಮೊದಲು ದೂರಿದ್ದು ಘಾಟಿಯನ್ನು. ಅದರಲ್ಲಿ ಸ್ವಲ್ಪ ವಿಷಯವೂ ಉಂಟು. ಐಸ್‌ಕ್ರೀಮಿನಲ್ಲಿ ಹಾಲು, ಕೊಬ್ಬು, ಸಕ್ಕರೆಯ ಜತೆ ಗಾಳಿಯೂ ಸೇರಿರುತ್ತದೆ. ಕಡೆಯುವಾಗ ಒಳಗೆ ಹೋಗುವ ಗಾಳಿ. ಅದಿಲ್ಲದಿದ್ದರೆ ಐಸ್‌ಕ್ರೀಮ್ ಕಲ್ಲಿನ ಹಾಗಾಗುತ್ತದೆ. ಲೀಟರ್ ಲೆಕ್ಕದಲ್ಲಿ ಮಾರುವ ವಸ್ತು, ಬರೀ ಗಾಳಿ ತುಂಬಿ ಮಾರಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಐಸ್‌ಕ್ರೀಮ್ ಲೀಟರಿಗೆ ಕನಿಷ್ಠ 525 ಗ್ರಾಂ ತೂಗಬೇಕು ಅಂತ ಇದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರಕ್ಕೆ ಹೋದರೆ ಹೊರಗಿನ ಗಾಳಿಯ ಒತ್ತಡ ಸುಮಾರು ಶೇಕಡಾ 10 ಕಡಿಮೆಯಾಗುತ್ತದೆ. ಒಳಗಿನ ಗಾಳಿ ಉಬ್ಬಲು ನೋಡುತ್ತದೆ, ಮುಚ್ಚಳ ಏಳುತ್ತದೆ. ಇದನ್ನೆಲ್ಲ ಗೂಗಲ್ ಮಾಡಿ ಮಾವನಿಗೆ ವಿವರಿಸಿದೆ. ಮಾವ ಕೇಳಿಸಿಕೊಂಡು ಹೇಳಿದರು, "ಅದು ನನಗೆ ಗೊತ್ತುಂಟು ಮಾರಾಯ. ಘಾಟಿ ಹತ್ತುವ ಡಬ್ಬವನ್ನು ನಾನು ಕಂಠದವರೆಗೆ ತುಂಬಿಸುದೇ ಇಲ್ಲ. ತುಂಬ ಜಾಗ ಬಿಟ್ರೂ ಆಗುದಿಲ್ಲ, ಮುಚ್ಚಳದ ಅಡಿಗೆ ಹಿಮ ಕಟ್ತದೆ. ಒಂದು ಬೆರಳು ಬಿಡ್ಬೇಕು, ಅಷ್ಟೆ. ಆದ್ರೆ ಇದು ಮುಚ್ಚಳ ಎದ್ದದ್ದಲ್ಲ, ಮೂಲೆ ಒಡೆದದ್ದು. ಉಜಿರೆಗೆ ಯಾವ ಘಾಟಿ ಉಂಟು?"

ನಾನು ಗಪ್‌ಚಿಪ್.

ಆ ಶುಕ್ರವಾರ ರಾತ್ರಿ ಬಸ್ ಹತ್ತಿದೆ. ಐದು ಹಳೆಯ ಡಬ್ಬ, ಐದು ಹೊಸ ಡಬ್ಬ ರಾತ್ರಿಯಿಡೀ ಡೀಪ್ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ತೆಗೆದ ಕೂಡಲೇ ಸೊಂಟದೆತ್ತರದಿಂದ ಅಂಗಳದ ಸಿಮೆಂಟಿಗೆ ಬಿಟ್ಟೆವು. ಹಳೆಯವು ಐದೂ ಗಟ್ಟಿ. ಹೊಸದರಲ್ಲಿ ನಾಲ್ಕು ಒಡೆದವು, ನಾಲ್ಕೂ ಮೂಲೆಯಿಂದಲೇ. ಐದನೆಯದು ಯಾಕೆ ಉಳಿಯಿತೋ, ಅದಕ್ಕೇ ಗೊತ್ತು.

ತಳದ ನಂಬರ್ ಸುಳ್ಳು ಹೇಳಿರಲಿಲ್ಲ. ಅದು ಹೇಳುವುದೇ ಅಷ್ಟು. ಪಾಲಿಪ್ರೊಪಿಲೀನಿನಲ್ಲೇ ಮೂರು ಜಾತಿ ಇದೆ. ಬರೀ ಪ್ರೊಪಿಲೀನಿನದ್ದು ಹೋಮೋಪಾಲಿಮರ್. ಸರಪಳಿಯ ನಡುನಡುವೆ ಸ್ವಲ್ಪ ಎಥಿಲೀನ್ ಚದುರಿಸಿದರೆ ರ‍್ಯಾಂಡಮ್ ಕೋಪಾಲಿಮರ್, ಇದು ಚೆನ್ನಾಗಿ ಪಾರದರ್ಶಕ. ಒಳಗೆ ರಬ್ಬರಿನಂಥ ಸೂಕ್ಷ್ಮ ಕಣಗಳನ್ನು ಸೇರಿಸಿದ್ದು ಇಂಪ್ಯಾಕ್ಟ್ ಕೋಪಾಲಿಮರ್. ಪಾಲಿಪ್ರೊಪಿಲೀನ್ ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಬಾಗುವ ಗುಣ ಕಳೆದುಕೊಂಡು ಗಾಜಿನ ಹಾಗೆ ಆಡಲು ಶುರು ಮಾಡುತ್ತದೆ. ಮೈನಸ್ 18ರಲ್ಲಿ ಕೇಳಲೇಬೇಡಿ. ಆ ರಬ್ಬರ್ ಕಣಗಳಿದ್ದರೆ ಬಿರುಕು ಹೊರಟಲ್ಲೇ ಅದನ್ನು ತಡೆಯುತ್ತವೆ. ಆ ಕಣಗಳಿಂದಲೇ ಡಬ್ಬ ಹಾಲುಬಿಳಿಯಾಗಿ ಮಂಕಾಗಿ ಕಾಣುವುದು! ನಾನು ಯಾವುದನ್ನು ಕೊರತೆ ಅಂದುಕೊಂಡು ಬಿಸಾಡಿದ್ದೆನೋ ಅದೇ ಡಬ್ಬದ ಜೀವ. ಸಾಲದ್ದಕ್ಕೆ ದುಂಡು ಬಿಟ್ಟು ಚೂಪು ಮೂಲೆಯ ಚೌಕ ಆರಿಸಿದ್ದೆ. ಮೂಲೆಯಲ್ಲಿ ಒತ್ತಡ ಕೇಂದ್ರೀಕೃತವಾಗುತ್ತದೆ ಅಂತ ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆದವನು ನಾನು. ತಣ್ಣಗಾದಾಗ ವಸ್ತು ಪೆಡಸಾಗುವುದರ ಬಗ್ಗೆಯೂ ಬರೆದಿದ್ದೆ. ಪಾಸಾಗಿದ್ದೆ ಕೂಡ.

1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದದ್ದು ಓದಿರುತ್ತೀರಿ. ಚಳಿಗೆ ರಬ್ಬರಿನ ಓ-ರಿಂಗ್ ತನ್ನ ಪುಟಿಯುವ ಗುಣ ಕಳೆದುಕೊಂಡಿತ್ತು. ತನಿಖೆಯ ಸಭೆಯಲ್ಲಿ ಫೈನ್‌ಮನ್ ಅದರ ಒಂದು ತುಂಡನ್ನು ಐಸ್ ನೀರಿನ ಲೋಟದಲ್ಲಿ ಮುಳುಗಿಸಿ ತೋರಿಸಿದರು. ಕಾಲೇಜಿನಲ್ಲಿ ಇದನ್ನು ಸೆಮಿನಾರಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವನಿಗೆ, ಐಸ್‌ಕ್ರೀಮ್ ಡಬ್ಬವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ನೋಡಬೇಕು ಅಂತ ಹೊಳೆಯಲಿಲ್ಲ. ಬೆಂಗಳೂರಿನ ಟೇಬಲಿನಿಂದ ಬೀಳಿಸಿ "ನನ್ನ ಮೆಷಿನ್ನಿನಲ್ಲಿ ವರ್ಕ್ ಆಗ್ತಿದೆ" ಅಂದುಬಿಟ್ಟೆ. ಡಬ್ಬದವರನ್ನು ಬೈಯೋಣ ಅಂದರೆ, ಎಷ್ಟು ಡಿಗ್ರಿಯಲ್ಲಿ ಇಡ್ತೀರಿ ಅಂತ ಅವರು ಕೇಳಲಿಲ್ಲ ನಿಜ, ನಾನೂ ಹೇಳಿರಲಿಲ್ಲ. ಕಳಿಸಿದ ಮೇಲ್ ತೆಗೆದು ನೋಡಿದೆ. "ತುಂಬ ಕ್ಲಿಯರ್ ಇರಬೇಕು" ಅಂತ ಎರಡು ಸಲ ಬರೆದಿದ್ದೆ.

ಮಾವ ಬೈಯಲಿಲ್ಲ. ಒಡೆದ ಚೂರು ಗುಡಿಸುತ್ತ ಇಷ್ಟೇ ಅಂದರು, "ನನಗೂ ಗೊತ್ತಿರ್ಲಿಲ್ಲ ಮಾರಾಯ. ನೀನು ಓದಿದವ ಅಂತ ಕೇಳಿದೆ, ಅಷ್ಟೆ."

ಬೈದಿದ್ದರೆ ಚೆನ್ನಾಗಿತ್ತು.

ಸೀಸನ್ ನಿಲ್ಲಿಸುವಂತಿಲ್ಲ. ಮಾವ ಹಳೆಯವರ ಹತ್ತಿರವೇ ಹೋಗಿ, ಏರಿದ ರೇಟಿಗೇ ಡಬ್ಬ ತಂದರು. ನಾನು ಬೆಂಗಳೂರಿಗೆ ಬಂದು ಅವರ ಖಾತೆಗೆ ತೊಂಬತ್ತು ಸಾವಿರ ಹಾಕಿದೆ. ಮರುದಿನ ಅಷ್ಟೂ ವಾಪಸ್ ಬಂತು. ಜತೆಗೆ ಅತ್ತೆಯ ಫೋನು. "ದುಡ್ಡು ಹಾಕಿ ಮಾವನಿಗೆ ಬೇಜಾರು ಮಾಡ್ಬೇಡ. ಡಬ್ಬ ಹಾಳಾಗ್ಲಿಲ್ಲ, ನಾನು ನೋಡ್ಕೊಳ್ತೇನೆ." ನೋಡಿಕೊಂಡರು ಕೂಡ. ಬಿಸಿಲಲ್ಲೂ ನೆರಳಲ್ಲೂ ಅದು ಒಳ್ಳೆಯ ಡಬ್ಬವೇ, ತಣ್ಣಗಾಗಬಾರದು ಅಷ್ಟೆ. ಮುಚ್ಚಳದ ಮೇಲೆ ಸ್ಟಿಕ್ಕರ್ ಅಂಟಿಸಿ, ಬಾಳೆಕಾಯಿ ಚಿಪ್ಸು, ಹಲಸಿನಕಾಯಿ ಚಿಪ್ಸು ತುಂಬಿ, ಅದೇ ಅಂಗಡಿಗಳಿಗೆ ಕೊಡಲು ಶುರು ಮಾಡಿದರು. ಒಳಗಿನದ್ದು ಹೊರಗೆ ಕಾಣುತ್ತದಲ್ಲ, ಚೆನ್ನಾಗಿ ಹೋಗುತ್ತದೆ. ಮನೆಯವರಿಗೆ ಕಳಿಸುವಾಗ ಮಾತ್ರ ಸ್ಟಿಕ್ಕರ್ ದಂಡ ಮಾಡುವುದಿಲ್ಲ :-)

ಅವತ್ತಿನಿಂದ ಡಬ್ಬದ ವಿಷಯ ನಿಧಾನವಾಗಿ ಓದುತ್ತಿದ್ದೇನೆ. ನಿಮ್ಮ ಕಡೆಯಲ್ಲೂ ಯಾರಾದರೂ ಸಣ್ಣದಾಗಿ ಐಸ್‌ಕ್ರೀಮ್ ಮಾಡುವವರಿದ್ದರೆ ಇಷ್ಟು ಹೇಳಿ:

1. ಪ್ಲಾಸ್ಟಿಕ್ ಯಾವುದು ಎಂದಷ್ಟೇ ಅಲ್ಲ, ಯಾವ ಗ್ರೇಡು, ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ ಅಂತ ಬರಹದಲ್ಲಿ ಕೇಳಿ. ಆಹಾರಕ್ಕೆ ಬಳಸುವ ಪಾಲಿಪ್ರೊಪಿಲೀನಿಗೆ ಐಎಸ್ 10910 ಅನ್ನುವ ಭಾರತೀಯ ಮಾನಕ ಇದೆ, ಅದನ್ನೂ ಕೇಳಿ.

2. ತುಂಬ ದಪ್ಪ ಗೋಡೆಯ, ಶಾಖ ಬಿಡದ ಡಬ್ಬ ಯಾವಾಗಲೂ ಒಳ್ಳೆಯದಲ್ಲ. ಮೆಷಿನ್ನಿನಿಂದ ಬರುವಾಗ ಐಸ್‌ಕ್ರೀಮ್ ಮೈನಸ್ 5ರ ಹತ್ತಿರ, ಮೆತ್ತಗೆ ಇರುತ್ತದೆ. ಅದರ ನೀರಿನಲ್ಲಿ ಅರ್ಧದಷ್ಟು ಮಾತ್ರ ಹೆಪ್ಪುಗಟ್ಟಿರುತ್ತದೆ. ಉಳಿದದ್ದು ಡಬ್ಬದೊಳಗೇ ಬೇಗ ಹೆಪ್ಪುಗಟ್ಟಬೇಕು. ನಿಧಾನವಾದರೆ ಹರಳು ದೊಡ್ಡದಾಗಿ ನಾಲಿಗೆಗೆ ಮರಳು ಮರಳು. ದಾರಿಯ ಬಿಸಿಯನ್ನು ತಡೆಯುವ ಕೆಲಸ ಹೊರಗಿನ ಪೆಟ್ಟಿಗೆಗೆ ಬಿಡಿ.

3. ಚೌಕವೇ ಬೇಕಿದ್ದರೆ ಮೂಲೆ ದುಂಡಗಿರಲಿ. ಈಗ ಮಾವ ತರುವುದು ಅಂಥದ್ದೇ, ಹಾಲುಬಿಳಿ. ಫ್ರೀಜರಿನಲ್ಲಿ ಜಾಗವೂ ಉಳಿಯುತ್ತದೆ. (ನನ್ನ ಸ್ಪ್ರೆಡ್‌ಶೀಟಿನಲ್ಲಿ ಒಂದು ಕಾಲಂ ಆದರೂ ಸರಿಯಿತ್ತು!)

4. ಪೇಪರ್ ಕಪ್ಪಾದರೆ ಒಳಪದರ ಮಾತ್ರವಲ್ಲ, ಕತ್ತರಿಸಿದ ಅಂಚನ್ನೂ ನೋಡಿ. ಅಲ್ಲಿಂದಲೇ ಕಾಗದ ನೀರು ಕುಡಿದು ಮೆತ್ತಗಾಗುವುದು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ಪ್ಲಾಸ್ಟಿಕ್ ಐಸ್‌ಕ್ರೀಮ್ ಕಡ್ಡಿ ದೇಶದಲ್ಲೆಲ್ಲ ನಿಷೇಧ. ಮರದ ಚಮಚ ಕಪ್ಪಿನಷ್ಟೇ ಮುಖ್ಯ.

5. ಎಲ್ಲಕ್ಕಿಂತ ಮೊದಲು, ಹತ್ತು ಸ್ಯಾಂಪಲ್ ತುಂಬಿಸಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಬೀಳಿಸಿ. ಖರ್ಚು ನೂರು ರೂಪಾಯಿ.

ಕಳೆದ ವಾರ ಮಾವ ಮತ್ತೆ ಫೋನ್ ಮಾಡಿದ್ದರು. ಸೀತಾಫಲದ ಐಸ್‌ಕ್ರೀಮಿಗೆ ನೂರು ಮಿಲಿಯ ಸಣ್ಣ ಕಪ್ಪು ಬೇಕಂತೆ. "ಯಾವುದು ಅಂತ ನೋಡಿ ಹೇಳು." ನಾನು ಒಂದು ಕ್ಷಣ ಸುಮ್ಮನಿದ್ದೆ. "ಮಾವ, ನನ್ನನ್ನೇ ಕೇಳ್ತೀರಾ?" ಅಂದೆ. "ಮತ್ತೆ ಯಾರನ್ನು ಕೇಳುದು? ಈ ಸಲ ಸ್ಯಾಂಪಲ್ ಸೀದಾ ಇಲ್ಲಿಗೆ ಕಳಿಸ್ಲಿಕ್ಕೆ ಹೇಳು, ನಮ್ಮ ಅಂಗಳದಲ್ಲೇ ಬೀಳಿಸುವ."

ರೂಮ್‌ಮೇಟಿಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಡಬ್ಬ ಖಾಲಿ. ತೊಳೆದು ಇಟ್ಟಿದ್ದೇನೆ, ಅವಲಕ್ಕಿ ಹಾಕಲಿಕ್ಕೆ. ಫ್ರಿಜ್ಜಿನೊಳಗಲ್ಲ, ಹೊರಗೆ.

ನಿಮ್ಮ ಮನೆಯ ಐಸ್‌ಕ್ರೀಮ್ ಡಬ್ಬದಲ್ಲಿ ಈಗ ಏನಿದೆ? ದೋಸೆಹಿಟ್ಟಾ, ಉಪ್ಪಿನಕಾಯಿಯಾ? ಹೇಳಿ ಹೋಗಿ.