ಮುಟ್ಟಬೇಡಿ ಅಂತ ಬೋರ್ಡು

2022ರ ಜುಲೈ 17, ಭಾನುವಾರ. ಮಾರನೆ ದಿನದಿಂದ ಬಿಸಿಲಿಗೆ ಕೆಂಪು ಎಚ್ಚರಿಕೆ ಅಂತ ಇಂಗ್ಲೆಂಡಿನ ರೇಡಿಯೋಗಳೆಲ್ಲ ಒದರುತ್ತಿದ್ದವು. ಬಿಸಿಲಿಗೆ ಕೆಂಪು ಎಚ್ಚರಿಕೆ ಕೊಟ್ಟದ್ದು ಆ ದೇಶದಲ್ಲಿ ಅದೇ ಮೊದಲು. ಕೋಲಾರದ ಕಡೆಯಿಂದ ಹೋಗಿ ಸ್ಮೆತಿಕ್ಕಿನಲ್ಲಿ ಮನೆ ಮಾಡಿದ್ದ ನಾವು ಗಂಡ ಹೆಂಡತಿ ಕೇಳಿ ನಕ್ಕೆವು. ಇದೊಂದು ಬಿಸಿಲೇ ಅಂದೆವು. ಮಧ್ಯಾಹ್ನದ ಹೊತ್ತಿಗೆ ಆ ನಗು ಒಣಗಿಹೋಗಿತ್ತು. ಅಲ್ಲಿ ಜುಲೈ ಸೂರ್ಯ ರಾತ್ರಿ ಒಂಬತ್ತಾದರೂ ಮುಳುಗೋದಿಲ್ಲ.

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಮೇಳ. ಕಾರಿನ ಹುಚ್ಚು ನಮಗಿಲ್ಲ. ಪಕ್ಕದ ಮನೆ ಚಾಚಾಜಿ, ಎಪ್ಪತ್ತಾರರ ಪಂಜಾಬಿ ಮುದುಕರು, ಒಬ್ಬರೇ ಹೊರಟಿದ್ದರು. ಈ ಬಿಸಿಲಲ್ಲಿ ಒಬ್ಬರನ್ನೇ ಕಳಿಸೋದು ಹೆಂಗೆ ಅಂತ ಮಜ್ಜಿಗೆ, ನೀರು ತುಂಬಿಕೊಂಡು ಜೊತೆಗೆ ಹೊರಟೆವು. ಎರಡು ಬಸ್ಸು ಬದಲಿಸಬೇಕಾಯ್ತು.

ಹುಲ್ಲೆಲ್ಲ ಒಣಗಿ ಬಿಳುಚಿದ ಬಯಲು. ಅದರ ತುಂಬ ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್. ಪ್ರತಿ ಕಾರಿನ ಬಾನೆಟ್ಟೂ ಬಾಯಿ ತೆರೆದಿತ್ತು. ಪಕ್ಕದಲ್ಲಿ ಮಡಚೋ ಕುರ್ಚಿ, ಕುರ್ಚಿಯಲ್ಲಿ ಕೆಂಪಗೆ ಬೆಂದ ಮುಖದ ಯಜಮಾನರು. ಹೀಲಿ 3000 ಓಡಿಸಿದರೆ ಇಂಜಿನ್ನಿನ ಕಾವಿಗೆ ಪಾದ ಬೇಯುತ್ತದಂತೆ. ಅದನ್ನು ಹೇಳುವಾಗ ತುಂಟ ಮಗನನ್ನು ದೂರುವ ತಾಯಿಯ ಖುಷಿ ಅವರ ಮುಖದಲ್ಲಿ.

ಎಂಜಿ ಅಂದರೆ ನಮಗೆ ಬೆಂಗಳೂರಿನ ಎಂ.ಜಿ. ರಸ್ತೆ. ಇದು ಮೋರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ಪಕ್ಕದ ಆಬಿಂಗ್ಡನ್ನಿನಲ್ಲಿ ಒಂದು ತೊಗಲು ಕಾರ್ಖಾನೆಯ ಖಾಲಿ ಕಟ್ಟಡಕ್ಕೆ 1929ರಲ್ಲಿ ಬಂದು ಸೇರಿದ ಕಂಪನಿ. ಎಂಜಿಬಿ ಅನ್ನೋ ಕಾರನ್ನೇ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮೇಲೆ ಮಾಡಿದರು. ಬಹುಪಾಲು ಅಮೆರಿಕಕ್ಕೆ ಹೋದವು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಈಗ ಆ ಹೆಸರು ಚೀನಾದವರ ಕೈಲಿದೆ.

ಒಬ್ಬರು ಜಾಗ್ವಾರ್ ಇ-ಟೈಪಿನ ಬಾಗಿಲು ತೆಗೆದು, ‘ಮೂಸಿ ನೋಡಿ, ಅಸಲಿ ಚರ್ಮ’ ಅಂದರು. ಬಿಸಿಲಿಗೆ ಕಾದ ಸೀಟಿನಿಂದ ತೊಗಲ ವಾಸನೆ ಗಮ್ಮಂತ ಏಳುತ್ತಿತ್ತು. ಜನ ಸಾಲಾಗಿ ತಲೆ ತೂರಿಸಿ, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ತಾತ ತಂಗಡಿ ತೊಗಟೆ ಹಾಕಿ ತೊಗಲು ಹದ ಮಾಡುತ್ತಿದ್ದವರು. ಅವರ ತೊಟ್ಟಿಯ ಕಡೆ ಗಾಳಿ ಬೀಸಿದರೆ ಊರವರು ಸೆರಗು ಮೂಗಿಗೆ ಒತ್ತಿಕೊಂಡು ದಾಟುತ್ತಿದ್ದರು. ಸಾಯೋ ತನಕ ಅವರ ವಾಸನೆಯನ್ನು ಯಾರೂ ಹೀಗೆ ಸಾಲು ನಿಂತು ಮೂಸಲಿಲ್ಲ. ನಾವೂ ಮೂಸಲಿಲ್ಲ ಅನ್ನೋದನ್ನು ಹೇಳಿಬಿಡಬೇಕು. ಶಾಲೆಯಿಂದ ಬಂದರೆ ತಾತನ ಹತ್ತಿರ ಹೋಗುತ್ತಿರಲಿಲ್ಲ.

ಚಾಚಾಜಿ ಒಂದು ಎಂಜಿಬಿ ಮುಂದೆ ನಿಂತುಬಿಟ್ಟಿದ್ದರು. 1967ರದು. ‘ದಯವಿಟ್ಟು ಮುಟ್ಟಬೇಡಿ’ ಅಂತ ಬೋರ್ಡು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ, ಇಂಜಿನ್ ಬ್ಲಾಕನ್ನೇ ನೋಡುತ್ತಿದ್ದರು. ಜಲಂಧರದ ಕಡೆಯ ಚಮ್ಮಾರ ಕೇರಿಯವರು. 1964ರಲ್ಲಿ ವೋಚರ್ ಹಿಡಿದು ಸ್ಮೆತಿಕ್ಕಿಗೆ ಬಂದು ಫೌಂಡ್ರಿ ಸೇರಿದರು. ಮರಳಿನ ಅಚ್ಚು ಕಟ್ಟೋದು, ಅದಕ್ಕೆ 1,300 ಡಿಗ್ರಿಗೂ ಮೇಲೆ ಕಾದ ಕಬ್ಬಿಣ ಎರೆಯೋದು. ಕಕ್ಕಸು ಬಿಳಿಯರಿಗೇ ಬೇರೆ, ಏಷ್ಯಾದವರಿಗೇ ಬೇರೆ. ಪಬ್ಬುಗಳಲ್ಲೂ ಹಾಗೇ. ಇದನ್ನು ನೋಡೋಕೇ 1965ರ ಫೆಬ್ರವರಿಯಲ್ಲಿ ಮಾಲ್ಕಂ ಎಕ್ಸ್ ಸ್ಮೆತಿಕ್ಕಿಗೆ ಬಂದಿದ್ದರು. ಚಾಚಾಜಿಗೆ ರಾತ್ರಿ ಪಾಳಿ, ಹಗಲು ಮಲಗಿಬಿಟ್ಟಿದ್ದರಂತೆ. ಪಕ್ಕದಲ್ಲಿ ಅಚ್ಚು ಕಟ್ಟುತ್ತಿದ್ದವನು ಅವರದೇ ಊರಿನ ಜಮೀನ್ದಾರರ ಮಗ. ‘ಗೋರಾಗಳಿಗೆ ನಾವಿಬ್ಬರೂ ಕರಿಯರೇ ಪುತ್ತರ್, ಆದರೆ ಚಹಾಕ್ಕೆ ಅವನು ತನ್ನ ಲೋಟ ಬೇರೆ ತರ್ತಿದ್ದ’ ಅಂತ ಒಮ್ಮೆ ಹೇಳಿದ್ದರು.

ಮೂರು ಗಂಟೆಗೆ ಆ ಎಂಜಿಬಿಯನ್ನು ಮೆರವಣಿಗೆಗೆ ಚಾಲೂ ಮಾಡಿದರು. ನಡೆಯೋ ವೇಗದಲ್ಲಿ ಒಂದು ಸುತ್ತು ಹೋಗುವಷ್ಟರಲ್ಲಿ ಮುಳ್ಳು ಕೆಂಪಿಗೇರಿ, ರೇಡಿಯೇಟರಿನಿಂದ ಬುಸ್ಸಂತ ಆವಿ. ಯಜಮಾನರ ಮೊಮ್ಮಗನೋ ಯಾರೋ ಒಬ್ಬ ಹುಡುಗ ಬಟ್ಟೆ ಸುತ್ತಿಕೊಂಡು ಮುಚ್ಚಳ ತಿರುವೋಕೆ ಹೋದ. ಚಾಚಾಜಿ ಹಾರಿ ಅವನ ಮುಂಗೈ ಹಿಡಿದರು. ‘ರುಕ್! ಮುಖ ಸುಟ್ಟುಕೊಳ್ತೀಯ!’ ಹುಡುಗನಿಗೆ ಭಾಷೆ ತಿಳಿಯದಿದ್ದರೂ ಕೈ ನಿಂತಿತು.

ಆರಲಿ ಅಂತ ಎಲ್ಲರೂ ಕಾದೆವು. ಯಜಮಾನರು ಕೇಳಿದರು: ‘ನೀವು ಮೆಕ್ಯಾನಿಕ್ಕಾ?’

‘ಅಲ್ಲ. ಫೌಂಡ್ರಿ. ಬ್ಲಾಕು ಎರೀತಿದ್ದೆ.’

‘ಎಲ್ಲಿ? ಯಾವಾಗ?’

ಹೇಳಿದರು. ಯಜಮಾನರು ಇಂಜಿನ್ನಿನ ಕಡೆ ನೋಡಿದರು. ‘ಹಾಗಾದರೆ ಇದೂ ನಿಮ್ಮದೇ ಇರಬಹುದಲ್ಲ?’

‘ಯಾರಿಗ್ಗೊತ್ತು? ಯಾವ ಕಾರಿಗೆ ಹೋಗುತ್ತೆ ಅಂತ ನಮಗೆ ಯಾರು ಹೇಳ್ತಿದ್ರು? ಪಾಳಿಗೆ ಎಷ್ಟು ಬ್ಲಾಕು ಅಂತ ಎಣಿಸ್ತಿದ್ರು, ಅಷ್ಟೆ.’

ಯಜಮಾನರು ಬೋರ್ಡನ್ನು ಪಕ್ಕಕ್ಕಿಟ್ಟು, ‘ಮುಟ್ಟಿ ನೋಡಿ’ ಅಂದರು.

ಚಾಚಾಜಿ ನಕ್ಕರು. ‘ಈಗ ಬೇಡ ಸಾಹೇಬ್ರೆ. ಸುಡುತ್ತೆ.’

ಆರಿದ ಮೇಲೆ ನಮ್ಮ ಬಾಟಲಿಗಳ ನೀರನ್ನೆಲ್ಲ ರೇಡಿಯೇಟರಿಗೆ ಸುರಿದದ್ದಾಯ್ತು. ಬಸ್ ಸ್ಟಾಪಿನಲ್ಲಿ ಮೂವರೂ ಉಳಿದ ಮಜ್ಜಿಗೆಯನ್ನು ಒಂದೇ ಲೋಟದಲ್ಲಿ ಕುಡಿದೆವು.

ಮಂಗಳವಾರ ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಆಯ್ತು. ಆ ದೇಶದಲ್ಲಿ ಅಲ್ಲಿವರೆಗೆ ಅಷ್ಟು ಆಗಿರಲೇ ಇಲ್ಲ. ಸಂಜೆ ಚಾಚಾಜಿ ಬನಿಯನ್ನಿನಲ್ಲಿ ಮೆಟ್ಟಿಲಿಗೆ ನೀರು ಚಿಮುಕಿಸುತ್ತಾ ಕೂತಿದ್ದರು. ನಮ್ಮನ್ನು ಕಂಡವರೇ, ‘ಆ ಕಾರು ಮನೆ ಸೇರ್ತಾ?’ ಅಂತ ಕೇಳಿದರು.

ಗೊತ್ತಿಲ್ಲ ಅಂದೆವು.